ಮನೆಬೆಳಕಿನ ಕೊಂಡಿ: ವೈರ್ ಕನೆಕ್ಟರ್ ಬೆಳೆದು ಬಂದ ಬಗೆ



ವಿದ್ಯುತ್ತಿನ ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಣೆಕಟ್ಟು, ಜಲಪಾತ, ಗುಡ್ಡ ಹತ್ತಿ ಇಳಿಯುವ ಟವರ್‌ಗಳ ಸಾಲು. ಶಿವನಸಮುದ್ರ, ಜೋಗ, ಲಿಂಗನಮಕ್ಕಿ ಎಂಬ ಹೆಸರುಗಳನ್ನೂ ಅವುಗಳ ಇಸವಿಗಳನ್ನೂ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಆ ವಿದ್ಯುತ್ತು ಕಂಬದಿಂದ ಇಳಿದು, ಮೀಟರ್ ದಾಟಿ, ಅಟ್ಟದ ಮೇಲೆ ಹಾದು, ನಡುಮನೆಯ ದೀಪದವರೆಗೆ ಬರುವ ಕೊನೆಯ ಐವತ್ತು ಅಡಿಗಳ ಚರಿತ್ರೆಯ ಕಡೆಗೆ ಗಮನ ಹರಿಸಿದವರು ಕಡಿಮೆ. ಮನೆಗೆ ಬೆಳಕು ಕೊಡುವುದು ಆ ಐವತ್ತು ಅಡಿ. ಮನೆಯನ್ನು ಸುಡಬಲ್ಲದ್ದೂ ಅದೇ ಐವತ್ತು ಅಡಿ.

ಈ ಹಾದಿಯಲ್ಲಿ ಹೆಚ್ಚು ಅಪಾಯದ ಜಾಗ ಯಾವುದು? ಒಂದು ವೈರು ಇನ್ನೊಂದು ವೈರನ್ನು ಸೇರುವ ಜಾಗ. ನಮ್ಮ ವೈರ್‌ಮನ್‌ಗಳು ಇದನ್ನು 'ಜಾಯಿಂಟ್' ಎನ್ನುತ್ತಾರೆ. ಇದನ್ನು ಸರಿಯಾಗಿ ಹಿಡಿದಿಡುವ ಪುಟ್ಟ ಸಾಧನವೇ ಕನೆಕ್ಟರ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳೆಯ ಮನೆಗಳಲ್ಲಿ ಬೇರೆ ಬೇರೆ ಕಾಲದ ಜಾಯಿಂಟುಗಳು ಒಂದೇ ಸೂರಿನಡಿ ಇರುವುದುಂಟು. ಅಜ್ಜನ ಕಾಲದ ವೈರಿಗೆ ಅಪ್ಪನ ಕಾಲದ ವೈರನ್ನು, ಅದಕ್ಕೆ ಮಗ ತಂದ ಹೊಸ ವೈರನ್ನು ಸೇರಿಸಿರುತ್ತಾರೆ. ಆದ್ದರಿಂದ ಸರಿಯಾದ ಕನೆಕ್ಟರ್ ಆರಿಸುವವರು ಮೊದಲು ಆ ಮನೆಯ ಚರಿತ್ರೆಯನ್ನು ಓದಬೇಕಾಗುತ್ತದೆ. ಈ ಲೇಖನದ ಉದ್ದೇಶ ಆ ಓದಿಗೆ ನೆರವಾಗುವುದು.

ಬುಡ್ಡಿದೀಪದ ಕಾಲ

ವಿದ್ಯುತ್ತು ಬರುವ ಮುನ್ನ ಮಲೆನಾಡಿನ ರಾತ್ರಿಗಳನ್ನು ಬೆಳಗಿದ್ದು ಎಣ್ಣೆಯ ಹಣತೆ, ಚಿಮಣಿ ಬುಡ್ಡಿ, ಲಾಟೀನು. ಮದುವೆಗೆ, ಉರೂಸಿಗೆ, ಅಡಿಕೆ ಸುಲಿಯುವ ರಾತ್ರಿಗಳಿಗೆ ಪೆಟ್ರೋಮ್ಯಾಕ್ಸ್. ಹುಲ್ಲಿನ ಮಾಡು, ಮರದ ಅಟ್ಟ, ಅಂಗಳದಲ್ಲಿ ಒಣಗಿದ ಅಡಿಕೆ ಸಿಪ್ಪೆಯ ರಾಶಿ ಇದ್ದ ಮನೆಗಳಲ್ಲಿ ಬೆಂಕಿಯ ಭಯ ದಿನನಿತ್ಯದ್ದು. ಮಲಗುವ ಮುನ್ನ ದೀಪಗಳೆಲ್ಲ ಆರಿವೆಯೇ ಎಂದು ನೋಡುವುದು ಮನೆಯ ಹಿರಿಯರ ಕೆಲಸವಾಗಿತ್ತು.

ಈ ಎಚ್ಚರಿಕೆಗೆ ನಮ್ಮ ಪರಂಪರೆಯಲ್ಲಿ ಬಹು ಹಳೆಯ ಆಧಾರವಿದೆ. ರಾತ್ರಿ ಮಲಗುವಾಗ ದೀಪವನ್ನು ಆರಿಸಬೇಕೆಂದು ಪ್ರವಾದಿ ಮುಹಮ್ಮದ್ (ಸ) ಅವರು ಬೋಧಿಸಿದರು. ಇಲಿಯು ಉರಿಯುವ ಬತ್ತಿಯನ್ನು ಎಳೆದುಕೊಂಡು ಹೋಗಿ ಮನೆಮಂದಿಯನ್ನೇ ಸುಡಬಹುದು ಎಂಬ ಕಾರಣವನ್ನೂ ಹದೀಸ್ ಗ್ರಂಥಗಳು ದಾಖಲಿಸಿವೆ. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಆದೇಶದ ಜೊತೆಗೆ ಕಾರಣವನ್ನೂ ಹೇಳಲಾಗಿದೆ. ಬೆಂಕಿ ಎಲ್ಲಿಂದ, ಯಾವುದರ ಮೂಲಕ ಬರುತ್ತದೆ ಎಂಬುದನ್ನು ಅರಿತು ತಡೆಯಬೇಕು ಎಂಬುದೇ ಅದರ ಪಾಠ. ಇಂದು ಬತ್ತಿ ಇಲ್ಲ. ಆದರೆ ಇಲಿ ಇದೆ. ಅಟ್ಟದ ಮೇಲಿನ ವೈರಿನ ಹೊದಿಕೆಯನ್ನು ಕಡಿಯುವುದೂ ಅದೇ ಇಲಿ. ಬುಡ್ಡಿಯನ್ನು ಊದಿ ಆರಿಸಬಹುದಿತ್ತು. ಅಟ್ಟದ ಕತ್ತಲೆಯಲ್ಲಿ ಬಿಸಿಯೇರುತ್ತಿರುವ ಜಾಯಿಂಟು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಅದನ್ನು ಮಾಡುವಾಗಲೇ ಸರಿಯಾಗಿ ಮಾಡಬೇಕು.

ಶಿವನಸಮುದ್ರದಿಂದ ಜೋಗದವರೆಗೆ

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮೈಸೂರು ಸಂಸ್ಥಾನದ ವಿದ್ಯುತ್ತು ಮೊದಲು ತಲುಪಿದ್ದು ಗಣಿಯ ಯಂತ್ರಗಳನ್ನು, ಮನೆಗಳನ್ನಲ್ಲ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು; 1908ರಲ್ಲಿ ಮೈಸೂರು ನಗರಕ್ಕೆ. ಆಗ ಕೊಪ್ಪ ಮತ್ತು ಎಡೇಹಳ್ಳಿ ಕಡೂರು ಜಿಲ್ಲೆಯ ಊರುಗಳು. ಶೃಂಗೇರಿ ಮಠದ ಜಹಗೀರು. ಎಡೇಹಳ್ಳಿಯೇ ಮುಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಲ್ಲಿ ನರಸಿಂಹರಾಜಪುರವಾಯಿತು.

ಹಳ್ಳಿಗಳಿಗೂ ವಿದ್ಯುತ್ತು ತಲುಪಬೇಕೆಂಬ ಚಿಂತನೆಗೆ ಬಲ ಬಂದದ್ದು 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ. ಪರ್ಷಿಯಾದ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿಯ ವಂಶದ ಈ ಮುತ್ಸದ್ದಿಯನ್ನು ನಾವು ಉದ್ಯಾನಗಳಿಗಾಗಿ, ನಗರದ ಅಂದಕ್ಕಾಗಿ ನೆನೆಯುತ್ತೇವೆ. ಆದರೆ ಅವರ ಆಡಳಿತದ ಇನ್ನೊಂದು ಮುಖ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. 1932ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ, ಅದರ ಬೆನ್ನಿಗೇ ಟ್ರಾನ್ಸ್‌ಫಾರ್ಮರ್ ತಯಾರಿಸುವ ಸರ್ಕಾರಿ ವಿದ್ಯುತ್ ಕಾರ್ಖಾನೆ, 1936ರಲ್ಲಿ ಬಲ್ಬು ತಯಾರಿಸುವ ಮೈಸೂರು ಲ್ಯಾಂಪ್ಸ್ ಹುಟ್ಟಿಕೊಂಡವು. ವಿದ್ಯುತ್ತನ್ನು ಉತ್ಪಾದಿಸಿದರೆ ಸಾಲದು, ಅದನ್ನು ಮನೆಗೆ ಮುಟ್ಟಿಸುವ ಸಾಮಾನುಗಳನ್ನೂ ನಾವೇ ಮಾಡಬೇಕು ಎಂಬ ದೂರದೃಷ್ಟಿ ಅದರಲ್ಲಿತ್ತು. ವಿದ್ಯುತ್ ಕಂಬದ ಮೇಲಿನ ಬಿಳಿ ಕಪ್ಪಿನಿಂದ ಹಿಡಿದು ಮನೆಯ ಫ್ಯೂಸಿನವರೆಗೆ ಪಿಂಗಾಣಿ ಇಲ್ಲದೆ ಆ ಕಾಲದ ವೈರಿಂಗ್ ಇರಲಿಲ್ಲ.

ಮಿರ್ಜಾರ ಕಾಲದಲ್ಲೇ, 1939ರಲ್ಲಿ ಆರಂಭವಾದ ಜೋಗದ ಯೋಜನೆ 1948ರಲ್ಲಿ ವಿದ್ಯುತ್ ಕೊಡತೊಡಗಿತು. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಡಲಾಯಿತು. 1957ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶರಾವತಿ ಯೋಜನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಇದೇ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ನರಸಿಂಹರಾಜಪುರ ತಾಲ್ಲೂಕಿನ ಗದ್ದೆ, ತೋಟ, ಹಳ್ಳಿಗಳನ್ನು ಮುಳುಗಿಸಿತು. ನಾಡಿನ ನೀರಾವರಿಗೆ, ಬೆಳಕಿಗೆ ಮಲೆನಾಡು ತನ್ನ ನೆಲವನ್ನೇ ಕೊಟ್ಟಿದೆ. ಅಷ್ಟು ಬೆಲೆ ತೆತ್ತು ಬಂದ ಬೆಳಕನ್ನು ಮನೆಯೊಳಗೆ ಅಜಾಗರೂಕತೆಯಿಂದ ಬಳಸುವುದು ನ್ಯಾಯವಲ್ಲ.

ಬೆಸುಗೆಯ ಜಾಯಿಂಟು

ಮೊದಲ ತಲೆಮಾರಿನ ಮನೆ ವೈರಿಂಗ್ ಹೇಗಿತ್ತು? ತಾಮ್ರದ ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿಯ ನೇಯ್ಗೆ. ಅದನ್ನು ಪಿಂಗಾಣಿ ಹಿಡಿಕೆಗಳ ಮೇಲೋ, ತೇಗದ ಮರದ ಕೊಳವೆಯಂತಹ ಕೇಸಿಂಗ್ ಒಳಗೋ ಒಯ್ಯುತ್ತಿದ್ದರು. ನಂತರ ಬಂದದ್ದು ಬ್ಯಾಟನ್ ವೈರಿಂಗ್. ತೇಗದ ತೆಳು ಪಟ್ಟಿಯನ್ನು ಗೋಡೆಗೆ ಬಡಿದು, ಅದರ ಮೇಲೆ ವೈರನ್ನು ಸಾಲಾಗಿ ತಗಡಿನ ಕ್ಲಿಪ್ಪುಗಳಿಂದ ಬಂಧಿಸುವುದು. ಹಳೆಯ ಹೆಂಚಿನ ಮನೆಗಳಲ್ಲಿ ಈಗಲೂ ಇಂತಹ ಪಟ್ಟಿಗಳನ್ನು ನೀವು ನೋಡಿರಬಹುದು.

ಆಗಿನ ಜಾಯಿಂಟಿಗೆ ಒಂದು ಪೂರ್ಣ ಕ್ರಮವಿತ್ತು. ಹೊದಿಕೆ ಸುಲಿದು, ತಾಮ್ರವನ್ನು ಹೊಳೆಯುವಂತೆ ಉಜ್ಜಿ, ಎರಡು ತುದಿಗಳನ್ನು ಒಂದರ ಮೇಲೊಂದು ಬಿಗಿಯಾಗಿ ಹೊಸೆದು, ರಾಳ ಸವರಿ, ತವರ ಮತ್ತು ಸೀಸದ ಬೆಸುಗೆ ಹಾಕಿ, ಮೇಲೆ ಮೊದಲು ರಬ್ಬರ್ ಟೇಪು, ನಂತರ ಕರಿ ಟೇಪು ಸುತ್ತಬೇಕು. ಹೊಸೆತ ಬಲ ಕೊಡುತ್ತದೆ, ಬೆಸುಗೆ ವಿದ್ಯುತ್ತಿಗೆ ದಾರಿ ಕೊಡುತ್ತದೆ, ರಬ್ಬರು ಶಾಕ್ ತಡೆಯುತ್ತದೆ, ಕರಿ ಟೇಪು ರಬ್ಬರನ್ನು ಕಾಯುತ್ತದೆ. ನಾಲ್ಕರಲ್ಲಿ ಒಂದನ್ನೂ ಬಿಡುವಂತಿಲ್ಲ.

ಕಾಲಕ್ರಮದಲ್ಲಿ ಆದದ್ದೇನು? ಬೆಸುಗೆಗೆ ಸಮಯ ಬೇಕು, ಕೌಶಲ ಬೇಕು. ಮರದ ಅಟ್ಟದ ಮೇಲೆ ಕಾದ ಬೆಸುಗೆ ಕಡ್ಡಿ ಹಿಡಿದು ಕೂರುವುದೇ ಒಂದು ಅಪಾಯ. ಹೀಗಾಗಿ ಬೆಸುಗೆ ಬಿಟ್ಟುಹೋಯಿತು, ರಬ್ಬರ್ ಟೇಪು ಬಿಟ್ಟುಹೋಯಿತು. ಉಳಿದದ್ದು ಹೊಸೆಯುವುದು ಮತ್ತು ಮೇಲೊಂದು ಟೇಪು. ಇಂದಿಗೂ ಅನೇಕರು 'ಹಿಂದಿನಿಂದ ಹೀಗೇ ಮಾಡುತ್ತಿದ್ದಾರೆ' ಎಂದು ಸಮರ್ಥಿಸುವ ಟೇಪಿನ ಜಾಯಿಂಟು ಹಿಂದಿನವರ ಪದ್ಧತಿಯಲ್ಲವೇ ಅಲ್ಲ. ಹಿಂದಿನವರ ಪದ್ಧತಿಯಲ್ಲಿ ಅರ್ಧ ಮಾತ್ರ. ಟೇಪಿನ ಅಂಟು ಬೇಸಿಗೆಯ ಹೆಂಚಿನ ಬಿಸಿಗೆ ಒಣಗುತ್ತದೆ, ಮಳೆಗಾಲದ ಥಂಡಿಗೆ ಬಿಚ್ಚಿಕೊಳ್ಳುತ್ತದೆ. ಒಳಗಿನ ತಾಮ್ರ ಕಪ್ಪಾಗಿ ಹಿಡಿತ ಸಡಿಲವಾಗುತ್ತದೆ.

ತಿರುಪು ಬಂದ ಕಥೆ

ಬೆಸುಗೆಯ ತೊಂದರೆಯನ್ನು ಎದುರಿಸಿದವರು ನಾವು ಮಾತ್ರವಲ್ಲ. ಕೆನಡಾದಲ್ಲಿ ವಿಲಿಯಂ ಮಾರ್ ಎಂಬುವರು ಮೊದಲನೇ ಮಹಾಯುದ್ಧದ ಕಾಲದಲ್ಲಿ ಗ್ಯಾಸ್ ದೀಪದ ಮನೆಗಳನ್ನು ವಿದ್ಯುತ್ ದೀಪಕ್ಕೆ ಬದಲಾಯಿಸುವ ಗುತ್ತಿಗೆ ಕೆಲಸ ಮಾಡುತ್ತಿದ್ದರು. ಬೆಸುಗೆ ಮತ್ತು ಟೇಪಿನ ವಿಧಾನ ಅಪಾಯಕರವೆಂದು ಕಂಡ ಅವರು 1914ರಲ್ಲಿ ತಿರುಪಿನಿಂದ ವೈರನ್ನು ಒತ್ತಿ ಹಿಡಿಯುವ ಕನೆಕ್ಟರನ್ನು ರೂಪಿಸಿದರು. ಅಲ್ಲಿಂದ ಮುಂದೆ ವೈರಿನ ತುದಿಗಳ ಮೇಲೆ ಟೊಪ್ಪಿಯಂತೆ ಇಟ್ಟು ತಿರುಗಿಸುವ ಕನೆಕ್ಟರುಗಳು ಅಮೆರಿಕ, ಕೆನಡಾಗಳಲ್ಲಿ ಮನೆಮಾತಾದವು. ಕೆನಡಾದಲ್ಲಿ ಇಂದಿಗೂ ಅದನ್ನು ಅವರ ಹೆಸರಿನಿಂದಲೇ 'ಮಾರೆಟ್' ಎನ್ನುತ್ತಾರೆ. ಮನೆಯ ದೀಪವೇ ಈ ಆವಿಷ್ಕಾರಕ್ಕೆ ಕಾರಣ ಎಂಬುದು ಗಮನಾರ್ಹ.

ನಮ್ಮಲ್ಲಿಗೆ ಬಂದದ್ದು ಇಂಗ್ಲೆಂಡ್ ಮತ್ತು ಯೂರೋಪಿನ ದಾರಿ. ಪಿಂಗಾಣಿಯ ಪುಟ್ಟ ಇಟ್ಟಿಗೆಯಂತಹ ತುಂಡು, ಒಳಗೆ ಹಿತ್ತಾಳೆಯ ನಳಿಗೆ, ಮೇಲಿನಿಂದ ಎರಡು ತಿರುಪು. 1907ರಲ್ಲಿ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞ ಬೇಕಲೈಟ್ ಎಂಬ ಶಾಖ ತಡೆಯುವ ಪ್ಲಾಸ್ಟಿಕ್ ಕಂಡುಹಿಡಿದ ಮೇಲೆ ಹೋಲ್ಡರು, ಸ್ವಿಚ್ಚು, ಸೀಲಿಂಗ್ ರೋಸ್ ಎಲ್ಲವೂ ಅದರಲ್ಲಿ ಬಂದವು. ಮುಂದೆ ಹನ್ನೆರಡು ಜೋಡಿಗಳ ಪ್ಲಾಸ್ಟಿಕ್ ಪಟ್ಟಿ ಕನೆಕ್ಟರ್ ಬಂತು. ಬೇಕಾದಷ್ಟು ಕತ್ತರಿಸಿಕೊಳ್ಳಬಹುದಾದ ಇದನ್ನು ಇಂಗ್ಲೆಂಡಿನವರು 'ಚಾಕೊಲೇಟ್ ಬ್ಲಾಕ್' ಎಂದು ಕರೆಯುತ್ತಾರೆ. 1951ರಲ್ಲಿ ಜರ್ಮನಿಯ ಮಿಂಡೆನ್ ಪಟ್ಟಣದಲ್ಲಿ ಸ್ಥಾಪನೆಯಾದ ವಾಗೊ ಕಂಪನಿ ತಿರುಪಿನ ಬದಲು ಸ್ಪ್ರಿಂಗಿನಿಂದ ವೈರನ್ನು ಹಿಡಿಯುವ ವಿಧಾನವನ್ನು ಬೆಳೆಸಿತು. ಪುಟ್ಟ ಸನ್ನೆಯನ್ನು ಎತ್ತಿ, ವೈರು ತೂರಿಸಿ, ಸನ್ನೆ ಒತ್ತಿದರೆ ಮುಗಿಯುವ ಈ ಬಗೆಯ ಕನೆಕ್ಟರು ಈಗ ನಮ್ಮ ಪೇಟೆಗಳಿಗೂ ಬಂದಿದೆ.

ಇನ್ನೊಂದು ದಾರಿಯೂ ಇದೆ. ಅದೇ ಲೂಪಿಂಗ್: ವೈರಿನ ನಡುವೆ ಎಲ್ಲೂ ಜಾಯಿಂಟ್ ಹಾಕದೆ, ಒಂದು ಸ್ವಿಚ್ಚಿನ ತಿರುಪಿನಿಂದ ಮುಂದಿನ ಸ್ವಿಚ್ಚಿಗೆ, ಒಂದು ಸೀಲಿಂಗ್ ರೋಸಿನಿಂದ ಮುಂದಿನದಕ್ಕೆ ವೈರನ್ನು ಒಯ್ಯುವುದು. ವೈರು ಸ್ವಲ್ಪ ಹೆಚ್ಚು ಬೇಕು. ಆದರೆ ಎಲ್ಲ ಜಾಯಿಂಟುಗಳೂ ಕೈಗೆ ಸಿಗುವ ಜಾಗದಲ್ಲೇ ಇರುತ್ತವೆ. ಹೊಸ ಮನೆ ಕಟ್ಟುವವರು ಮೊದಲು ಕೇಳಬೇಕಾದ್ದು ಇದನ್ನೇ.

ಅಲ್ಯೂಮಿನಿಯಂ ಬಂದ ಮೇಲೆ

ನಮ್ಮ ದೇಶದಲ್ಲಿ ತಾಮ್ರ ಕಡಿಮೆ, ಹೊರದೇಶದಿಂದ ತರಿಸಬೇಕು. ಹೀಗಾಗಿ 1960ರ ದಶಕದಿಂದ ಕೆಲವು ದಶಕಗಳ ಕಾಲ ಮನೆ ವೈರಿಂಗಿಗೂ ಅಲ್ಯೂಮಿನಿಯಂ ವೈರು ವ್ಯಾಪಕವಾಗಿ ಬಳಕೆಯಾಯಿತು. ಬೆಲೆ ಕಡಿಮೆ, ತೂಕ ಕಡಿಮೆ. ಆದರೆ ಜಾಯಿಂಟಿನ ಮಟ್ಟಿಗೆ ಅದು ಕಷ್ಟದ ಲೋಹ. ಗಾಳಿ ತಾಗಿದೊಡನೆ ಅದರ ಮೇಲೆ ವಿದ್ಯುತ್ತು ಹರಿಯದ ತೆಳು ಪದರ ಕಟ್ಟುತ್ತದೆ. ಬಿಸಿಯಾದಾಗ ತಾಮ್ರಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಹಿಗ್ಗುತ್ತದೆ. ತಿರುಪಿನ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತದೆ. ಇಂದು ಬಿಗಿಯಾಗಿದ್ದ ತಿರುಪು ನಾಲ್ಕು ವರ್ಷಕ್ಕೆ ಸಡಿಲ. ಎಲ್ಲಕ್ಕಿಂತ ಮುಖ್ಯವಾಗಿ, ತಾಮ್ರ ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗಿಕೊಂಡಿರುವಲ್ಲಿ ತೇವ ಸೇರಿದರೆ ಅದು ಪುಟ್ಟ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ತಾಲ್ಲೂಕುಗಳಲ್ಲಿ ತೇವಕ್ಕೆ ಕೊರತೆಯೇ? ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ನಡೆಸಿದ ಅಧ್ಯಯನದ ಪ್ರಕಾರ 1972ಕ್ಕಿಂತ ಮೊದಲು ತಯಾರಾದ ಅಲ್ಯೂಮಿನಿಯಂ ವೈರಿನ ಮನೆಗಳಲ್ಲಿ ಜೋಡಣೆಯ ಜಾಗ ಬೆಂಕಿಯ ಅಪಾಯದ ಸ್ಥಿತಿ ತಲುಪುವ ಸಂಭವ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು. ಕೆಟ್ಟದ್ದು ವೈರಿನ ಉದ್ದವಲ್ಲ, ಅದರ ತುದಿ ಎಂಬುದನ್ನು ಗಮನಿಸಿ.

ಒಂದೇ ದೀಪದ ಮನೆಗಳು

1979–80ರಲ್ಲಿ ರಾಜ್ಯದಲ್ಲಿ ಭಾಗ್ಯಜ್ಯೋತಿ ಯೋಜನೆ ಬಂತು. ಬಡವರ ಮನೆಗೆ ಒಂದು ದೀಪದ ಸಂಪರ್ಕ. ಕೇಂದ್ರದ ಕುಟೀರ ಜ್ಯೋತಿಯೂ ಮುಂದೆ ಅದೇ ಹಾದಿಯಲ್ಲಿ ಬಂತು. ಬುಡ್ಡಿಯ ಹೊಗೆಯಲ್ಲಿ ಓದುತ್ತಿದ್ದ ಮಕ್ಕಳಿಗೆ ಆ ಒಂದು ಬಲ್ಬು ಎಷ್ಟು ದೊಡ್ಡ ಉಪಕಾರ ಎಂಬುದನ್ನು ವಿದ್ಯಾಸಂಸ್ಥೆಯೊಂದರ ಈ ಸಂಚಿಕೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮನೆ ಬೆಳೆಯಿತು. ಒಂದು ದೀಪದ ವೈರಿನಿಂದ ಇನ್ನೊಂದು ಕೋಣೆಗೆ ಎಳೆದರು. ಅಲ್ಲಿಂದ ಹೊರಗಿನ ಬಚ್ಚಲಿಗೆ. ಫ್ಯಾನು, ಟಿ.ವಿ., ಇಸ್ತ್ರಿಪೆಟ್ಟಿಗೆ, ಮಿಕ್ಸಿ ಬಂದವು. ಬಲ್ಬಿನ ಹೋಲ್ಡರಿಗೇ ಪ್ಲಗ್ ಸಿಕ್ಕಿಸಿ ಇಸ್ತ್ರಿ ಹಾಕುವುದೂ ನಡೆಯಿತು. 2002ರಲ್ಲಿ ನಮ್ಮ ಜಿಲ್ಲೆ ಮೆಸ್ಕಾಂ ವ್ಯಾಪ್ತಿಗೆ ಸೇರಿತು, 2015ರಿಂದ ಎಲ್‌ಇಡಿ ಬಲ್ಬು ಮನೆಮನೆಗೆ ಹಂಚಿಕೆಯಾಯಿತು, 2023ರಲ್ಲಿ ಗೃಹಜ್ಯೋತಿ ಬಂತು. ಮೀಟರ್ ಬದಲಾಯಿತು, ಬಿಲ್ಲು ಬದಲಾಯಿತು, ಬಲ್ಬು ಬದಲಾಯಿತು. ಅಟ್ಟದ ಮೇಲಿನ ಜಾಯಿಂಟು ಮಾತ್ರ ಒಂದೇ ದೀಪದ ಕಾಲದ್ದೇ ಉಳಿದಿರಬಹುದು.

ಒಂದು ಸರಳ ಲೆಕ್ಕ

ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ಜಾಯಿಂಟಿನಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಸಡಿಲವಾದ ಜಾಯಿಂಟೊಂದರ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ನಮ್ಮ ಮನೆಯ ವೋಲ್ಟೇಜು 230. 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಹರಿಯುವುದು 0.04 ಆಂಪಿಯರ್. ಆಗ ಜಾಯಿಂಟಿನಲ್ಲಿ ಹುಟ್ಟುವ ಶಾಖ ಲೆಕ್ಕಕ್ಕೇ ಸಿಗದಷ್ಟು. ಅದೇ ವೈರಿನಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿದರೆ ಸುಮಾರು 4.35 ಆಂಪಿಯರ್, ಶಾಖ 9.5 ವ್ಯಾಟ್. 2000 ವ್ಯಾಟಿನ ಗೀಸರ್ ಆದರೆ 8.7 ಆಂಪಿಯರ್, ಶಾಖ ಸುಮಾರು 38 ವ್ಯಾಟ್. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಬಟಾಣಿ ಕಾಳಿನಷ್ಟು ಜಾಗದಲ್ಲಿ, ಒಣ ಮರ ಮತ್ತು ಜೇಡರಬಲೆಯ ನಡುವೆ, ಬೆಸುಗೆ ಕಡ್ಡಿಯಷ್ಟು ಶಾಖ!

ಇಲ್ಲಿ ಇನ್ನೊಂದು ವಿಷಯ. ಇಷ್ಟಾದರೂ ಫ್ಯೂಸ್ ಹೋಗುವುದಿಲ್ಲ, ಎಂ.ಸಿ.ಬಿ. ಬೀಳುವುದಿಲ್ಲ. ಏಕೆಂದರೆ ಅವು ನೋಡುವುದು ಪ್ರವಾಹ ಮಿತಿ ಮೀರಿತೇ ಎಂಬುದನ್ನು ಮಾತ್ರ. ಸಡಿಲ ಜಾಯಿಂಟಿನಲ್ಲಿ ಪ್ರವಾಹ ಹೆಚ್ಚುವುದಿಲ್ಲ. ಮನುಷ್ಯರನ್ನು ಶಾಕ್‌ನಿಂದ ಕಾಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಪ್ರತಿ ಮನೆಯಲ್ಲೂ ಇರಬೇಕಾದದ್ದೇ. ಆದರೆ ಅದು ಗುರುತಿಸುವುದು ಸೋರಿಕೆಯನ್ನು. ಬಿಸಿಯಾಗುತ್ತಿರುವ ಜಾಯಿಂಟಿಗೆ ಕಾವಲುಗಾರ ಇಲ್ಲ. ದೀಪ ಮಿಣುಕುವುದು, ಸ್ವಿಚ್ಚಿನಲ್ಲಿ ಚರಚರ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಹೋಲ್ಡರಿನ ಬಳಿ ಕಂದು ಕಲೆ: ಇವಷ್ಟೇ ಅದು ಕೊಡುವ ಎಚ್ಚರಿಕೆ. ಇವುಗಳಲ್ಲಿ ಒಂದು ಕಂಡರೂ ಮೈನ್ ಆಫ್ ಮಾಡಿ ವೈರ್‌ಮನ್‌ನನ್ನು ಕರೆಯಿರಿ.

ಯಾವುದಕ್ಕೆ ಯಾವುದು?

ಈಗ ಆಯ್ಕೆಯ ವಿಚಾರ. ಅಂಗಡಿಗೆ ಹೋಗುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹಳೆಯ ವೈರು ತಾಮ್ರವೋ ಅಲ್ಯೂಮಿನಿಯಮ್ಮೋ? ಒಂದೇ ಗಟ್ಟಿ ತಂತಿಯೋ, ಹಲವು ಎಳೆಗಳದ್ದೋ? ಎಷ್ಟು ಚದರ ಮಿಲಿಮೀಟರ್? ಜಾಯಿಂಟು ಇರುವ ಜಾಗ ಒಣಗಿದ್ದೋ, ಬಿಸಿಯೋ, ಒದ್ದೆಯೋ?

ಒಣ ಜಾಗದಲ್ಲಿ, ತಾಮ್ರಕ್ಕೆ ತಾಮ್ರ ಸೇರಿಸುವ ಸಾಮಾನ್ಯ ದೀಪದ ಕೆಲಸಕ್ಕೆ ಪಟ್ಟಿ ಕನೆಕ್ಟರ್ ಸಾಕು. ಅದರ ಒಳಗಿನ ಲೋಹ ಹಿತ್ತಾಳೆಯದ್ದಾಗಿರಲಿ. ಹಿತ್ತಾಳೆಯ ಬಣ್ಣ ಲೇಪಿಸಿದ ಕಬ್ಬಿಣವಾದರೆ ಅಯಸ್ಕಾಂತ ಹಿಡಿಯುತ್ತದೆ, ಮಳೆಗಾಲದಲ್ಲಿ ತುಕ್ಕೂ ಹಿಡಿಯುತ್ತದೆ. ಹಲವು ಎಳೆಗಳ ವೈರಿಗೆ ತುದಿಯಲ್ಲಿ ಲಗ್ ಒತ್ತಿ ನಂತರ ತಿರುಪು ಬಿಗಿಯಬೇಕು; ಇಲ್ಲವಾದರೆ ತಿರುಪಿನ ಮೊನೆ ಎಳೆಗಳನ್ನು ಕತ್ತರಿಸುತ್ತದೆ. ತಿರುಪು ಬಿಗಿದ ಮೇಲೆ ವೈರನ್ನು ಒಮ್ಮೆ ಎಳೆದು ನೋಡಿ.

ಬಿಸಿ ಇರುವಲ್ಲಿ, ಅಂದರೆ ಗೀಸರ್, ಮೋಟಾರು, ಹಳೆಯ ಹೆಚ್ಚು ವ್ಯಾಟಿನ ದೀಪಗಳ ಬಳಿ, ಪಿಂಗಾಣಿ ಕನೆಕ್ಟರೇ ಮೇಲು. ಅದು ಕರಗುವುದಿಲ್ಲ, ಉರಿಯುವುದಿಲ್ಲ. ಆದರೆ ಬಿದ್ದರೆ ಒಡೆಯುತ್ತದೆ.

ಸನ್ನೆಯ ಕನೆಕ್ಟರ್ ಗಟ್ಟಿ ತಂತಿ, ಎಳೆ ತಂತಿ ಎರಡಕ್ಕೂ ಒಗ್ಗುತ್ತದೆ. ಬೇರೆ ಬೇರೆ ದಪ್ಪದ ವೈರುಗಳನ್ನು ಸೇರಿಸುವಾಗ ಪ್ರತಿ ವೈರಿಗೂ ಪ್ರತ್ಯೇಕ ಹಿಡಿತವಿರುವುದು ಅದರ ಗುಣ. ಸನ್ನೆಯಿಲ್ಲದೆ ಬರೀ ತೂರಿಸುವ ಬಗೆಯದ್ದು ಗಟ್ಟಿ ತಂತಿಗೆ ಮಾತ್ರ. ಯಾವುದೇ ಆದರೂ ಅದರ ಮೇಲೆ ಅಚ್ಚಾಗಿರುವ ಆಂಪಿಯರ್, ಚದರ ಮಿಲಿಮೀಟರ್ ಮಿತಿಯನ್ನು ಓದಿ ಕೊಳ್ಳಿ. ಅಗ್ಗದ ನಕಲಿನಲ್ಲಿ ಕೆಡುವುದು ಒಳಗಿನ ಸ್ಪ್ರಿಂಗು. ಅದು ಹೊರಗೆ ಕಾಣುವುದಿಲ್ಲ.

ತಾಮ್ರ ಮತ್ತು ಅಲ್ಯೂಮಿನಿಯಂ ಸೇರುವಲ್ಲಿ ಈ ಎರಡು ಲೋಹಗಳಿಗೆಂದೇ ತಯಾರಾದ ಕನೆಕ್ಟರ್ ಹೊರತು ಬೇರೇನೂ ಸಲ್ಲದು. ದೀಪದ ವೈರಿಂಗ್ ಆದರೆ ಹಳೆಯ ಅಲ್ಯೂಮಿನಿಯಮ್ಮನ್ನೇ ತೆಗೆದು ತಾಮ್ರ ಎಳೆಸುವುದು ಜಾಣತನ. ಜಾಯಿಂಟು ಎಲ್ಲೇ ಇರಲಿ, ಮುಚ್ಚಳವಿರುವ ಬಾಕ್ಸಿನೊಳಗಿರಬೇಕು. ಆ ಬಾಕ್ಸು ಕೈಗೆ ಸಿಗುವಂತಿರಬೇಕು. ಗೋಡೆಯ ಗಾರೆಯೊಳಗೆ ಜಾಯಿಂಟು ಹುಗಿಯುವುದು ಸರಿಯಲ್ಲ. ದೀಪ ಮತ್ತು ಫ್ಯಾನುಗಳ ಒಂದು ಸರ್ಕ್ಯೂಟಿನಲ್ಲಿ 10 ಪಾಯಿಂಟ್ ಮತ್ತು 800 ವ್ಯಾಟ್ ಮೀರಬಾರದೆಂಬುದು ನಮ್ಮ ದೇಶದ ವೈರಿಂಗ್ ಸಂಹಿತೆಯ ಬಹುಕಾಲದ ಸೂತ್ರ. ಇಸ್ತ್ರಿ, ಗೀಸರ್‌ಗಳಿಗೆ ಬೇರೆಯೇ ವೈರು ಇರಲಿ.

ಮಳೆ, ಮಿಲಾದ್ ಮತ್ತು ದೀಪಾಲಂಕಾರ

ಹೊರಾಂಗಣದ ದೀಪಕ್ಕೆ ಕನೆಕ್ಟರಿಗಿಂತ ಅದನ್ನು ಹೊದ್ದಿರುವ ಬಾಕ್ಸು ಮುಖ್ಯ. ಬಾಕ್ಸಿನ ಮೇಲೆ ಐ.ಪಿ. ಎಂಬ ಗುರುತಿನ ಮುಂದೆ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. 44 ಎಂದರೆ ಎರಚಲು ತಡೆಯಬಲ್ಲದು. 65 ಎಂದರೆ ಧೂಳು ಒಳಹೋಗದು, ನೀರಿನ ಧಾರೆಯನ್ನೂ ತಾಳಬಲ್ಲದು. ಮಲೆನಾಡಿನ ಗಾಳಿಮಳೆಗೆ 65ಕ್ಕಿಂತ ಕಡಿಮೆ ಬೇಡ. ವೈರು ಬಾಕ್ಸಿನ ಕೆಳಗಿನಿಂದ ಒಳಹೋಗಲಿ. ಮೇಲಿನಿಂದ ತೂರಿಸಿದರೆ ವೈರಿನ ಗುಂಟ ನೀರೂ ಇಳಿಯುತ್ತದೆ.

ಮಸೀದಿ, ಮದರಸಗಳ ಜವಾಬ್ದಾರಿ ಹೊತ್ತವರು ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಜರಿ ವರ್ಷ ಸೂರ್ಯಮಾನಕ್ಕಿಂತ ಸುಮಾರು 11 ದಿನ ಚಿಕ್ಕದು. ರಬೀವುಲ್ ಅವ್ವಲ್ ತಿಂಗಳ ಮಿಲಾದ್ 2023ರಿಂದ 2025ರವರೆಗೆ ಸೆಪ್ಟೆಂಬರಿನಲ್ಲೇ ಬಂತು. ಇನ್ನು ಮುಂದೆ ಅದು ಆಗಸ್ಟ್‌ಗೆ, ಆಮೇಲೆ ಜುಲೈಗೆ ಜಾರುತ್ತದೆ. ಅಂದರೆ ಬೀದಿಯ ದೀಪಾಲಂಕಾರ ಹಲವು ವರ್ಷಗಳ ಕಾಲ ಜಡಿಮಳೆಯ ನಡುವೆಯೇ ಆಗಬೇಕು. ಒಣ ತಿಂಗಳಲ್ಲಿ ನಡೆದುಹೋದ ಟೇಪಿನ ಜಾಯಿಂಟು, ಮರಕ್ಕೆ ಕಟ್ಟಿದ ಬಿಚ್ಚು ವೈರು ಆಗ ನಡೆಯುವುದಿಲ್ಲ. ಸೀರಿಯಲ್ ದೀಪಗಳನ್ನು ಹಿಡಿದು ನಿಲ್ಲುವವರು ನಮ್ಮ ಮಕ್ಕಳೇ. ಅಲಂಕಾರದ ಸಂಪರ್ಕಕ್ಕೆ ಆರ್.ಸಿ.ಸಿ.ಬಿ., ನೀರು ಹೋಗದ ಬಾಕ್ಸು, ಪರವಾನಗಿ ಇರುವ ವೈರ್‌ಮನ್ ಈ ಮೂರನ್ನು ಸಮಿತಿಯ ಮೊದಲ ಸಭೆಯಲ್ಲೇ ನಿರ್ಣಯಿಸುವುದು ಒಳ್ಳೆಯದು.

ಕಾಣದ ಕೆಲಸ

1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಮನೆ ವೈರಿಂಗನ್ನು ಪರವಾನಗಿ ಪಡೆದವರೇ ಮಾಡಬೇಕೆಂಬ ಕಾನೂನಿದೆ. 2010ರ ಮತ್ತು 2023ರ ಕೇಂದ್ರದ ಸುರಕ್ಷತಾ ನಿಯಮಗಳಲ್ಲೂ ಅದು ಮುಂದುವರಿದಿದೆ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು, ಎಸ್.ಎಸ್.ಎಲ್.ಸಿ. ಆದವರು ಸೇರಬಹುದು. ನಮ್ಮ ಎಷ್ಟೋ ಯುವಕರು ಈ ಕೆಲಸವನ್ನು ನೋಡಿ ಕಲಿತವರು, ಕೈಚಳಕವುಳ್ಳವರು. ಅವರಲ್ಲಿ ಇಲ್ಲದಿರುವುದು ಕಾಗದವೊಂದೇ ಅಲ್ಲ, 'ಏಕೆ' ಎಂಬ ಪ್ರಶ್ನೆಗೆ ಉತ್ತರವೂ ಹೌದು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಮುನ್ನ ಆ ಎರಡನ್ನೂ ಸಂಪಾದಿಸಿದರೆ ಸಂಬಳವೂ ಗೌರವವೂ ಬೇರೆಯೇ.

ಈ ವೃತ್ತಿಯ ಒಂದು ವಿಶೇಷವನ್ನು ಹೇಳಿ ಮುಗಿಸುತ್ತೇನೆ. ಗೋಡೆಯ ಬಣ್ಣ ಕೆಟ್ಟರೆ ಯಜಮಾನನಿಗೆ ಕಾಣುತ್ತದೆ, ಬಾಗಿಲು ಸೊಟ್ಟಗಾದರೆ ಕಾಣುತ್ತದೆ. ಬಾಕ್ಸಿನ ಮುಚ್ಚಳ ಹಾಕಿದ ಮೇಲೆ ಜಾಯಿಂಟು ಯಾರಿಗೂ ಕಾಣುವುದಿಲ್ಲ. ಅಲ್ಲಿ ಹತ್ತು ರೂಪಾಯಿ ಉಳಿಸಿದರೂ ದೀಪ ಅಂದು ಉರಿಯುತ್ತದೆ, ಕೂಲಿ ಸಿಗುತ್ತದೆ. ಮನೆಯವರು ಆ ಮುಚ್ಚಳದ ಕೆಳಗೆ ಮಕ್ಕಳನ್ನು ಮಲಗಿಸುತ್ತಾರೆ. ಇದನ್ನೇ ನಮ್ಮಲ್ಲಿ ಅಮಾನತ್ ಎನ್ನುವುದು.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮ್ಮ ಮನೆಯ ಚರಿತ್ರೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕರೆಂಟು ಬಂದ ವರ್ಷ ಯಾವುದು, ಯಾವ ಕೋಣೆಗೆ ಯಾವಾಗ ವೈರು ಎಳೆಸಿದರು, ತಾಮ್ರವೋ ಅಲ್ಯೂಮಿನಿಯಮ್ಮೋ ಎಂದು ಹಿರಿಯರನ್ನು ಕೇಳಿ. ಅಟ್ಟ ಹತ್ತುವುದನ್ನು ವೈರ್‌ಮನ್‌ಗೆ ಬಿಡಿ. ಮೈನ್ ಆಫ್ ಮಾಡಿಸಿ ಅವರಿಂದ ಜಾಯಿಂಟುಗಳ ಜಾಗವನ್ನು ಗುರುತಿಸಿಕೊಳ್ಳಿ. ಆ ಹಾಳೆಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಮೀಟರ್ ಬೋರ್ಡಿನ ಬಳಿ ತೂಗುಹಾಕಿ. ಮುಂದೆ ಯಾರೇ ಹೊಸ ದೀಪ ಹಾಕಲು ಬಂದರೂ ಮೊದಲು ಅದನ್ನು ಓದಲಿ, ಆಮೇಲೆ ಅಂಗಡಿಗೆ ಹೋಗಿ ಕನೆಕ್ಟರ್ ಕೇಳಲಿ.